ಶೀಲಕ್ಕ ಹೊಲಿದ ಮೊದಲ ಕೋಟು

ಹಾನುಬಾಳಿನಲ್ಲಿ ಬಸ್ಸು ನಿಲ್ಲುವ ಜಾಗದಿಂದ ಇಳಿಜಾರಿನಲ್ಲಿ ಸ್ವಲ್ಪ ದೂರ ನಡೆದರೆ ಒಂದು ಗೊಬ್ಬರದ ಅಂಗಡಿ ಸಿಗುತ್ತದೆ. ಅದರ ಪಕ್ಕದ ಒಂದೇ ಬಾಗಿಲಿನ ಕೋಣೆ ಶೀಲಕ್ಕನ ಟೈಲರ್ ಅಂಗಡಿ. ಅಲ್ಲಿ ಹೊಲಿಯುವುದು ಗಂಡಸರ ಬಟ್ಟೆ ಮಾತ್ರ. ರವಿಕೆ ತಂದವರನ್ನು ಶೀಲಕ್ಕ ಎದುರಿನ ಅಂಗಡಿಗೆ ಕಳಿಸುತ್ತಾರೆ. ನಲವತ್ತಾರು ವರ್ಷದ ಹೆಂಗಸೊಬ್ಬರು ಕೊರಳಿಗೆ ಟೇಪು ಹಾಕಿಕೊಂಡು ಗಂಡಸರ ಅಳತೆ ತೆಗೆಯುವುದು ಹೊಸಬರಿಗೆ ವಿಚಿತ್ರ ಅನ್ನಿಸಬಹುದು. ಊರಿನವರಿಗೆ ಅದು ಅಭ್ಯಾಸವಾಗಿದೆ.

ಅವರ ಅಪ್ಪ ದ್ಯಾವಯ್ಯ ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿದ್ದುಕೊಂಡು ಕೆಲಸದವರಿಗೆ ಖಾಕಿ ಚಡ್ಡಿ, ಅಂಗಿ ಹೊಲಿಯುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ಮಿಷನ್ನಿನ ಮುಂದೆ ಮಗಳು ಕೂತರು.

ರೆಡಿಮೇಡ್ ಅಂಗಿ ಎಲ್ಲೆಂದರಲ್ಲಿ ಸಿಗುವ ಈ ಕಾಲದಲ್ಲೂ ಜನ ಬಟ್ಟೆ ಹಿಡಿದು ಇಲ್ಲಿಗೆ ಯಾಕೆ ಬರುತ್ತಾರೆ ಅನ್ನುವುದಕ್ಕೆ ಬಾಲುವಿನ ಅಂಗಿ ಒಂದನ್ನು ಹೇಳಿದರೆ ಸಾಕು. ಬಾಲು ಇಪ್ಪತ್ತು ವರ್ಷ ಕಾಫಿ ಮೂಟೆ ಹೊತ್ತವನು. ಅವನ ಬಲಭುಜ ಎಡಕ್ಕಿಂತ ಒಂದು ಬೆರಳು ತಗ್ಗು. ಅಂಗಡಿಯಿಂದ ತಂದ ಯಾವ ಅಂಗಿಯಾದರೂ ಅವನ ಮೈಮೇಲೆ ಒಂದು ಕಡೆಗೆ ಎಳೆಯುತ್ತಿತ್ತು. ಶೀಲಕ್ಕ ಎರಡು ಭುಜವನ್ನೂ ಬೇರೆ ಬೇರೆ ಅಳೆದು, ಬೇರೆ ಬೇರೆ ಕತ್ತರಿಸಿದರು. ಬಾಲು ಕನ್ನಡಿಯ ಮುಂದೆ ತುಂಬಾ ಹೊತ್ತು ನಿಂತ.

“ಅಕ್ಕ, ನಾನು ಹಿಂಗಿದೀನಾ?”

“ಹಿಂಗೇ ಇರೋದು. ಸೊಟ್ಟ ಇದ್ದಿದ್ದು ಅಂಗಿ ಕಣೋ, ನೀನಲ್ಲ.”

ಶೀಲಕ್ಕನಿಗೆ ಬರೆಯುವ ಅಭ್ಯಾಸವೂ ಇದೆ. ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಮೊಬೈಲಿನ ಸ್ಟೇಟಸ್ಸಿನಲ್ಲಿ ಗಂಡಸರ ಉಡುಪಿನ ಬಗ್ಗೆ ನಾಲ್ಕು ಸಾಲು ಹಾಕುತ್ತಾರೆ. “ಭುಜದ ಹೊಲಿಗೆ ಭುಜದ ಮೂಳೆ ಮುಗಿಯುವಲ್ಲೇ ಮುಗಿಯಬೇಕು. ಅದಕ್ಕಿಂತ ಕೆಳಗೆ ಇಳಿದರೆ ಅದು ನಿಮ್ಮ ಅಂಗಿಯಲ್ಲ, ನಿಮ್ಮ ಅಣ್ಣನದು.” ಇನ್ನೊಂದು ದಿನ: “ಪರ್ಸು, ಮೊಬೈಲು, ಬೀಗದ ಕೈ ಎಲ್ಲಾ ಜೇಬಿಗೆ ತುರುಕಿಕೊಂಡು ಪ್ಯಾಂಟು ಸರಿ ಕೂರಲಿಲ್ಲ ಅನ್ನಬೇಡಿ.” ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್‌ಗಳು, ಜೀಪಿನವರು, ಆಲೂರಿನ ತಾಲ್ಲೂಕು ಆಫೀಸಿನ ಗುಮಾಸ್ತರೂ ಅದನ್ನು ಓದುತ್ತಾರೆ. ಓದಿದವರು ಕನ್ನಡಿ ನೋಡಿಕೊಳ್ಳುತ್ತಾರೆ. ಒಪ್ಪಿಕೊಳ್ಳುವವರು ಕಡಿಮೆ.

ಇಷ್ಟೆಲ್ಲ ಇದ್ದರೂ ಅವರಿಗೆ ಯಾರೂ ಕೋಟು ಹೊಲಿಯಲು ಕೊಟ್ಟಿರಲಿಲ್ಲ. ಅಂಗಿ, ಪ್ಯಾಂಟಿಗೆ ಶೀಲಕ್ಕ, ಕೋಟಿಗೆ ಹಾಸನ. ಹಾಗಂತ ಎಲ್ಲರೂ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದರು. ಶೀಲಕ್ಕ ಒಂದು ವರ್ಷ ಪ್ರತಿ ಗುರುವಾರ ಹಾಸನಕ್ಕೆ ಬಸ್ಸಿನಲ್ಲಿ ಹೋಗಿ, ವಯಸ್ಸಾದ ಮಾಸ್ಟರೊಬ್ಬರ ಹತ್ತಿರ ಕೋಟಿನ ಕೆಲಸ ಕಲಿತು ಬಂದಿದ್ದರು. ಹಳೆ ಬಟ್ಟೆಯಲ್ಲಿ ಏಳು ಕೋಟು ಹೊಲಿದು, ಏಳನ್ನೂ ಬಿಚ್ಚಿ ನೋಡಿದ್ದರು. ಒಬ್ಬ ಮನುಷ್ಯ ಹಾಕಿಕೊಂಡು ನಾಲ್ಕು ಜನರ ಎದುರು ನಿಲ್ಲುವ ಕೋಟು ಮಾತ್ರ ಬಾಕಿ ಇತ್ತು.

ಕಳೆದ ಏಪ್ರಿಲ್‌ನಲ್ಲಿ ಅದು ಬಂತು. ಹಾನುಬಾಳಿನ ಹತ್ತಿರವೇ ನಾಲ್ಕು ಎಕರೆ ಕಾಫಿ ತೋಟ ಇರುವ ಬೋರಯ್ಯನವರ ಮಗ ಪ್ರತಾಪನಿಗೆ ಆಲೂರಿನ ಹುಡುಗಿಯ ಜೊತೆ ಮದುವೆ ಗೊತ್ತಾಗಿತ್ತು. ಪ್ರತಾಪ್ ಎಸ್ಟೇಟುಗಳಿಗೆ ಕೆಲಸದವರನ್ನು ಕರೆದೊಯ್ಯುವ ಜೀಪು ಓಡಿಸುತ್ತಾನೆ. ಮಾತು ಬಹಳ ಕಡಿಮೆ. ಅವನು ಶೀಲಕ್ಕನ ಸ್ಟೇಟಸ್ ಒಂದನ್ನೂ ಬಿಡದೆ ಓದುತ್ತಿದ್ದನಂತೆ. ರಿಸೆಪ್ಷನ್ ಕೋಟು ಇಲ್ಲೇ ಆಗಬೇಕೆಂದು ಮನೆಯಲ್ಲಿ ಹಟ ಹಿಡಿದ. ಬೋರಯ್ಯನವರಿಗೆ ಇಷ್ಟವಿರಲಿಲ್ಲ. ತಾಯಿ ಸರೋಜಮ್ಮ ಮಗನ ಪರ ನಿಂತರು.

ತಪ್ಪಾದದ್ದು ಅಳತೆಯಲ್ಲಿ. ಹೆಂಗಸೊಬ್ಬರು ಟೇಪು ಹಿಡಿದು ಎದುರು ನಿಂತರೆ ಗಂಡಸರು ತಮಗೇ ಗೊತ್ತಿಲ್ಲದೆ ಹೊಟ್ಟೆ ಒಳಗೆಳೆದು ಎದೆ ಉಬ್ಬಿಸುತ್ತಾರೆ. ಅದಕ್ಕೇ ಶೀಲಕ್ಕ ಅಳೆಯುವಾಗ ಏನಾದರೊಂದು ಮಾತು ತೆಗೆಯುತ್ತಾರೆ. ಮಾತಾಡುವವನು ಉಸಿರು ಬಿಡಲೇಬೇಕು. ಉಸಿರು ಬಿಟ್ಟಾಗ ಸಿಗುವುದೇ ನಿಜವಾದ ಅಳತೆ. ಪ್ರತಾಪ್ ಬಂದ ದಿನ ಅವನ ಜೊತೆಗಾರರು ಬಾಗಿಲಲ್ಲಿ ಗುಂಪು ಕಟ್ಟಿ “ಏನ್ ಮಾರಾಯ, ಮದ್ವೆ ಗಂಡು ನಾಚ್ಕೋತಾವ್ನೆ” ಎಂದು ಕಾಲೆಳೆಯುತ್ತಿದ್ದರು. ಶೀಲಕ್ಕ ಕೇಳಿದ್ದಕ್ಕೆಲ್ಲ ಪ್ರತಾಪ್ ಬಾಯಿ ತೆರೆಯದೆ “ಹ್ಞೂಂ” ಅಂದ. ಅವರೂ ಅವಸರದಲ್ಲಿ ಬರೆದುಕೊಂಡರು: ಸೊಂಟ ಮೂವತ್ತಮೂರು.

ಮದುವೆಗೆ ಎಂಟು ದಿನ ಇರುವಾಗ, ಕಚ್ಚಾ ಹೊಲಿಗೆ ಹಾಕಿದ ಕೋಟನ್ನು ತೊಡಿಸಿ ನೋಡಲು ಅಪ್ಪ, ಅಮ್ಮ, ಮಗ ಮೂವರೂ ಬಂದರು. ಭುಜ ಚೆನ್ನಾಗಿ ಕೂತಿತು. ಮುಂದಿನ ಎರಡು ಅಂಚು ಮಾತ್ರ ಒಂದಕ್ಕೊಂದು ಮುಟ್ಟಲಿಲ್ಲ.

“ಹಾಸನಕ್ಕೆ ಹೋಗಣ ಅಂತ ಬಡ್ಕೊಂಡೆ,” ಅಂದರು ಬೋರಯ್ಯ. “ಮನೇಲಿ ನನ್ ಮಾತು ಯಾರ್ ಕೇಳ್ತೀರಿ.”

“ಸುಮ್ನಿರ್ರೀ, ಅವ್ಳು ನೋಡ್ತಾವ್ಳೆ,” ಅಂದರು ಸರೋಜಮ್ಮ.

“ನೋಡದೇನೈತೆ? ಒಂದಂಚು ಇಲ್ಲೈತೆ, ಇನ್ನೊಂದು ಅಲ್ಲೈತೆ. ಮಧ್ಯದಲ್ಲಿ ಇವ್ನ್ ಜೀಪು ಓಡಿಸ್ಬೋದು. ಕೊಡು ಇಲ್ಲಿ, ಹಾಸನದಲ್ಲೇ ಸರಿ ಮಾಡಿಸ್ಕತೀನಿ.”

ಶೀಲಕ್ಕ ಪುಸ್ತಕದಲ್ಲಿದ್ದ ಅಳತೆ ನೋಡಿದರು, ಪ್ರತಾಪನ ಹೊಟ್ಟೆ ನೋಡಿದರು. ಏನಾಗಿದೆ ಎಂದು ತಿಳಿಯಿತು. ಮಗ ಉಸಿರು ಕಟ್ಟಿ ನಿಂತಿದ್ದನೆಂದು ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವರು ಹೇಳಲಿಲ್ಲ.

“ತಪ್ಪು ನಂದು ಗೌಡ್ರೆ. ಅಳತೆ ತೆಗೆಯೋವಾಗ ಅವಸರ ಮಾಡ್ಬುಟ್ಟೆ. ಇನ್ನೊಬ್ರು ಕತ್ತರಿ ಹಾಕಿದ ಕೋಟನ್ನ ಹಾಸನದಲ್ಲೂ ಯಾರೂ ಮುಟ್ಟಲ್ಲ. ಎರಡು ಪಕ್ಕ, ಬೆನ್ನು, ಮೂರು ಹೊಲಿಗೆ ಒಳಗೂ ಬಟ್ಟೆ ಬಿಟ್ಟಿದೀನಿ. ಭಾನುವಾರ ಬನ್ನಿ. ಆಗ್ಲೂ ಸರಿ ಇಲ್ಲ ಅಂದ್ರೆ ನಾನು ಇನ್ನು ಕೋಟಿನ ಮಾತೇ ಎತ್ತಲ್ಲ.”

ಬೋರಯ್ಯ ಹೊರಗೆ ಹೋಗಿ ಜೀಪಿನ ಹಿಂದಿನ ಸೀಟಿನಲ್ಲಿ ಕೂತರು. ಕೋಟು ಕಳಚಿಟ್ಟು ಹೊರಟ ಪ್ರತಾಪನ ಹಿಂದೆಯೇ ಶೀಲಕ್ಕ ಟೇಪು ಹಿಡಿದು ಜೀಪಿನವರೆಗೆ ನಡೆದರು.

“ಅಲ್ಲ ಕಣೋ, ನಿನ್ ಜೀಪು ಏರಲ್ಲಿ ಯಾಕಂಗೆ ಅರಚುತ್ತೆ? ನಮ್ ಬೀದಿ ನಾಯೆಲ್ಲ ಎದ್ದು ಬೊಗಳ್ತವೆ.”

ಪ್ರತಾಪ್ ಮುಖ ಗಂಟಿಕ್ಕಿಕೊಂಡ. “ಅರಚಾದಲ್ಲ ಅಕ್ಕ ಅದು. ಹದಿನಾರು ಜನ ಹತ್ತಿರ್ತಾರೆ, ಸೆಕೆಂಡ್ ಗೇರಲ್ಲಿ ಏರು ಹತ್ತುತ್ತಾ? ಫಸ್ಟಿಗೆ ಹಾಕ್ಬೇಕು. ಇಂಜಿನ್ ಏನೂ ಆಗಿಲ್ಲ, ಬೇಕಾದ್ರೆ ನೋಡಿ.” ಅವನು ಬಾನೆಟ್ ಎತ್ತಿದ. ಬಾಗಿ ಒಂದೊಂದನ್ನೇ ತೋರಿಸುತ್ತಾ, ನೆಟ್ಟಗಾಗಿ ಮತ್ತೆ ವಿವರಿಸುತ್ತಾ ಹೋದ. ಹೋದ ವರ್ಷ ಹಾಕಿಸಿದ ಹೊಸ ಕ್ಲಚ್ ಪ್ಲೇಟಿನವರೆಗೂ ಮಾತು ಬಂತು. ಅಷ್ಟು ಮಾತು ಅವನ ಬಾಯಿಂದ ಬಂದದ್ದನ್ನು ಸರೋಜಮ್ಮನೇ ಕೇಳಿರಲಿಲ್ಲ. ಶೀಲಕ್ಕ “ಹೌದಾ”, “ಆಮೇಲೆ” ಎನ್ನುತ್ತಲೇ ಸುತ್ತಲೂ ಟೇಪು ಹಾಕಿ ತೆಗೆದರು. ಸೊಂಟ ಮೂವತ್ತಾರು. ಗೇರು ಹಾಕುವ ಎಡಗೈ ಮುಂದಕ್ಕೆ ಚಾಚಿದಾಗ ಬೆನ್ನಿಗೆ ಇನ್ನೂ ಮುಕ್ಕಾಲು ಇಂಚು ಬೇಕೆಂಬುದೂ ಆಗಲೇ ಗೊತ್ತಾಯಿತು.

ಮುಂದಿನ ಎರಡು ದಿನ ಸ್ಟೇಟಸ್ ಬರಲಿಲ್ಲ. ಮೂರು ಹೊಲಿಗೆಯನ್ನೂ ಬಿಚ್ಚಿ, ಹಳೆಯ ಗುರುತು ಹೋಗುವಂತೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಮಾಡಿ, ಹೊಸ ಗೆರೆಯಲ್ಲಿ ಮತ್ತೆ ಹೊಲಿದರು. ಭಾನುವಾರ ಪ್ರತಾಪ್ ತೊಟ್ಟು ಕೂತ, ಎದ್ದ, ಕೈ ಮೇಲೆತ್ತಿದ. ಅಂಚುಗಳು ಒಂದರ ಮೇಲೊಂದು ಸರಿಯಾಗಿ ಕೂತವು. ಬೋರಯ್ಯ ಹಿಂದೆ ಮುಂದೆ ಸುತ್ತಿ ನೋಡಿ, “ಮಂಟಪದಲ್ಲಿ ಮೂರು ಗಂಟೆ ನಿಂತ್ಮೇಲೆ ಗೊತ್ತಾಗೋದು,” ಎಂದಷ್ಟೇ ಹೇಳಿದರು.

ರಿಸೆಪ್ಷನ್ ದಿನ ಆಲೂರಿನ ಮಂಟಪದಲ್ಲಿ ಶೀಲಕ್ಕ ಬೇಕೆಂದೇ ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಕೂತರು. ಮುಂದಿನಿಂದ ಕೋಟು ಎಲ್ಲರಿಗೂ ಕಾಣುತ್ತದೆ. ಅವರಿಗೆ ಬೆನ್ನು ನೋಡಬೇಕಿತ್ತು. ಪ್ರತಾಪ್ ಕೈ ಕುಲುಕಿದ, ಹಿರಿಯರ ಕಾಲಿಗೆ ಬಗ್ಗಿದ, ಮತ್ತೆ ಎದ್ದು ನಿಂತ. ಎಷ್ಟು ಸಲ ಬಗ್ಗಿದರೂ ಕಾಲರ್ ಕತ್ತು ಬಿಟ್ಟು ಏಳಲಿಲ್ಲ. ಬಲತೋಳಿನ ಕೆಳಗೆ ಸಣ್ಣ ಸುಕ್ಕೊಂದು ಕಂಡಿತು. ಅದು ಬೇರೆ ಯಾರಿಗೂ ಕಾಣುವಂಥದ್ದಲ್ಲ. ಮುಂದಿನ ಕೋಟಿನಲ್ಲಿ ಅಲ್ಲಿ ಕಾಲು ಇಂಚು ತೆಗೆಯಬೇಕೆಂದುಕೊಂಡರು.

ಊಟದ ಪಂಕ್ತಿಯಲ್ಲಿ ಹುಡುಗಿಯ ಸೋದರಮಾವ ಸುರೇಂದ್ರ ಕೇಳುವುದು ಶೀಲಕ್ಕನ ಕಿವಿಗೆ ಬಿತ್ತು. “ಬೀಗ್ರೆ, ಕೋಟು ಎಲ್ಲಿ ಹೊಲಿಸಿದ್ದು? ಹಾಸನದಲ್ಲಾ?”

“ಹಾಸನ ಯಾಕ್ರೀ?” ಅಂದರು ಬೋರಯ್ಯ. “ನಮ್ ಹಾನುಬಾಳಲ್ಲೇ ಅಷ್ಟ್ ಚೆನ್ನಾಗಿ ಹೊಲಿತಾರೆ. ಅಲ್ಲೇ ಕೊಡಣ ಅಂತ ನಾನೇ ಅಂದಿದ್ದು.”

ಪಕ್ಕದಲ್ಲಿದ್ದ ಸರೋಜಮ್ಮ ಶೀಲಕ್ಕನ ಕಡೆ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಶೀಲಕ್ಕ ಬಡಿಸಲು ಬಂದವನಿಗೆ ಇನ್ನೊಂದು ಸೌಟು ಪಾಯಸ ಹಾಕೆಂದರು. ಆ ವಾರ ಸುರೇಂದ್ರ ಆಲೂರಿನಿಂದ ಬಟ್ಟೆ ಹಿಡಿದು ಬಂದ. ಈಗ ಶೀಲಕ್ಕನ ಮೇಜಿನ ಮೇಲೆ ಕತ್ತರಿಸಿಟ್ಟಿರುವುದು ನಾಲ್ಕನೆಯ ಕೋಟು.