ನಮ್ಮ ಕಣದಲ್ಲಿ ಬಿಕರಿಯಾದ ಆಟಗಾರ

ನನ್ನ ಗಂಡ ಜೀವಮಾನದಲ್ಲಿ ಫುಟ್‌ಬಾಲ್ ಆಡಿದವರಲ್ಲ. ಶಾಲೆಯಲ್ಲಿದ್ದಾಗ ಒಮ್ಮೆ ಚೆಂಡಿಗೆ ಒದೆಯಲು ಹೋಗಿ ಕಂಬಕ್ಕೆ ಒದ್ದು ಹೆಬ್ಬೆರಳಿನ ಉಗುರು ಕಳೆದುಕೊಂಡರಂತೆ. ಇದನ್ನು ನನಗೆ ಹೇಳಿದ್ದು ನನ್ನ ಅತ್ತೆ, ಅವರಲ್ಲ. ಆದರೆ ಬೆಂಗಳೂರಿನ ಕ್ಲಬ್ಬೊಂದು ಯಾವ ಆಟಗಾರನನ್ನು ತರಬೇಕು, ಯಾರನ್ನು ಬಿಡಬೇಕು, ಯಾರಿಗೆ ಎಷ್ಟು ವರ್ಷದ ಕಾಂಟ್ರಾಕ್ಟ್ ಬರೆಯಬೇಕು ಎಂಬ ವಿಷಯದಲ್ಲಿ ಅವರಿಗೆ ಸರಿಸಾಟಿಯಾದವರು ಈ ಸೀಮೆಯಲ್ಲಿ ಒಬ್ಬರೇ ಇದ್ದರು: ಸಕಲೇಶಪುರದ ಕಾಫಿ-ಮೆಣಸಿನ ವ್ಯಾಪಾರಿ. ನಾವು ಅವರನ್ನು ಭಾಯ್ ಎನ್ನುತ್ತೇವೆ. ನಮ್ಮ ತೋಟದ ಮೆಣಸು ಹತ್ತಾರು ವರ್ಷಗಳಿಂದ ಅವರ ಅಂಗಡಿಗೇ ಹೋಗುತ್ತದೆ. ಭಾನುವಾರ ಅವರೇ ಜೀಪು ಹತ್ತಿ ನಮ್ಮಲ್ಲಿಗೆ ಬರುತ್ತಾರೆ.

ನಮ್ಮದು ಕೆ. ಹೊಸಕೋಟೆಯಿಂದ ಒಳಗೆ ಹೋದರೆ ಸಿಗುವ ಸಣ್ಣ ತೋಟ. ಮನೆಯ ಪಕ್ಕದಲ್ಲಿ ಮೂರು ಕೋಣೆ ಕಟ್ಟಿಸಿ ಹೋಂಸ್ಟೇ ಮಾಡಿದ್ದೇನೆ. ಮಾಡಿದ್ದೇವೆ ಎನ್ನಬೇಕೇನೋ, ಆದರೆ ಹಾಸಿಗೆ ಬಟ್ಟೆ ಒಗೆಸುವುದರಿಂದ ಹಿಡಿದು ಅಡುಗೆಯವರೆಗೆ ಅಲ್ಲಿ ಕೆಲಸ ನನ್ನದು. ಬಂದವರಿಗೆ ಕಾಫಿ ಗಿಡ ತೋರಿಸಿ ಭಾಷಣ ಮಾಡುವುದು ಗಂಡನ ಪಾಲು.

ಆ ವರ್ಷ ಮಳೆಗಾಲದಲ್ಲಿ ಕ್ಲಬ್ಬಿನವರು ಒಂದು ಅದಲು ಬದಲು ಮಾಡಿದರು. ಮೈದಾನದ ಅಂಚಿನಲ್ಲಿ ಜೋರಾಗಿ ಓಡುತ್ತಿದ್ದ ಒಬ್ಬ ಹುಡುಗನನ್ನು ಕೋಲ್ಕತ್ತದ ತಂಡಕ್ಕೆ ಕೊಟ್ಟು, ಅಲ್ಲಿಂದ ಮೂವತ್ತು ದಾಟಿದ ಒಬ್ಬ ಮಿಡ್‌ಫೀಲ್ಡರನ್ನು ತಂದರು. ಸಾಲದ್ದಕ್ಕೆ ಮೂರು ವರ್ಷದ ಕಾಂಟ್ರಾಕ್ಟ್. ಸುದ್ದಿ ಬಂದ ಭಾನುವಾರ ಜಗಲಿಯಲ್ಲಿ ಶುರುವಾದ ವಾದ ಕಾಫಿ ಹಣ್ಣಾದರೂ ನಿಲ್ಲಲಿಲ್ಲ.

“ನಮ್ ಕೋಚ್ ಆಡ್ಸೋದು ಓಡೋ ಆಟ ಕಣ್ರೀ ಭಾಯ್,” ನನ್ನ ಗಂಡ ಹೇಳುವರು. “ಚೆಂಡು ಕೈತಪ್ತು ಅಂದ್ರೆ ಎಲ್ರೂ ಮೇಲ್ ಬಿದ್ದು ಕಿತ್ಕಬೇಕು. ಈ ವಯ್ಯ ನಡುಮಧ್ಯ ನಿಂತ್ಕಂಡು ಅಂಚೆ ಹಂಚ್ದಂಗೆ ಚೆಂಡು ಹಂಚ್ತಾನೆ. ಇವ್ನು ಆ ಆಟಕ್ಕೆ ಎಲ್ ಹೊಂದ್ತಾನೆ?”

“ಹಂಚೋನು ಒಬ್ಬ ಇದ್ರೆ ಮಿಕ್ಕೋರು ಯಾಕ್ ಓಡ್ಬೇಕು ಗೌಡ್ರೆ?” ಎನ್ನುವರು ಭಾಯ್. “ಆಳು ಅಂಥೋನು ಸಿಕ್ಕಿದ್ರೆ ಆಟಾನೇ ಬದಲಾಯಿಸ್ಕಬೇಕು.”

“ಮೂರು ವರ್ಷ ಬರ್ಕೊಟ್ಟವ್ರೆ. ಮೂರನೇ ವರ್ಷಕ್ಕೆ ಅವ್ನ ಮಂಡಿ ಎಂಗಿರ್ತೈತೆ ಅಂತ?”

“ಮೊದ್ಲನೇ ವರ್ಷ ಕಪ್ ತಂದ್‌ಬುಟ್ರೆ ಮೂರನೇ ವರ್ಷ ಮನೇಲ್ ಮಲಗ್ಲಿ ಬಿಡಿ.”

ಪರರ ಮಂಡಿಯ ಬಗ್ಗೆ ಇಷ್ಟು ಚಿಂತಿಸಿದ ನನ್ನ ಗಂಡ ಜಗಲಿಯಿಂದ ಏಳುವಾಗ ಕಂಬ ಹಿಡಿದೇ ಏಳುತ್ತಿದ್ದರು.

ಕಾಫಿ ಕೊಯ್ಲು ಶುರುವಾದ ಮೇಲೆ ವಾದ ಕಣಕ್ಕೆ ಇಳಿಯಿತು. ಒಣಗಲು ಹರವಿದ ಹಣ್ಣಿನಲ್ಲೇ ಒಂದಷ್ಟು ಆರಿಸಿ ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು ಕಾಯಿ ಇಟ್ಟು ಇಬ್ಬರೂ ಕುಕ್ಕರುಗಾಲಲ್ಲಿ ಕೂತರು. ಆಟಗಾರನನ್ನು ತೋರಿಸಲು ಒಂದು ಜಾಯಿಕಾಯಿ. ಅದನ್ನು ಒಬ್ಬರು ಮುಂದೆ ದೂಡಿದರೆ ಇನ್ನೊಬ್ಬರು ಹಿಂದಕ್ಕೆ ಎಳೆಯುವರು. ಕಾಫಿ ತಿರುವಿ ಹಾಕಬೇಕಾದ ಹೆಂಗಸು ಹಲಗೆ ಹಿಡಿದು ಸುಮಾರು ಹೊತ್ತು ಕಾದಳು. ಆಮೇಲೆ, “ಅಯ್ಯಾ, ವಸಿ ಕಾಲ್ ತಗೀರಿ, ಬಿಸ್ಲು ಹೋಯ್ತದೆ” ಎಂದು ಎರಡೂ ತಂಡಗಳನ್ನು ಒಂದೇ ಎಳೆತಕ್ಕೆ ರಾಶಿಗೆ ಸೇರಿಸಿದಳು.

ಅದಾಗಿ ಸ್ವಲ್ಪ ದಿನಕ್ಕೆ ಬೆಂಗಳೂರಿನಿಂದ ಹೆಂಗಸೊಬ್ಬರು ಫೋನ್ ಮಾಡಿ, ಗಂಡ ಹೆಂಡತಿ, ಒಬ್ಬಳು ಮಗಳು, ಎರಡು ದಿನಕ್ಕೆ ಕೋಣೆ ಬೇಕೆಂದರು. ಕಾರು ಬಂದಾಗ ಗೇಟು ತೆಗೆದ ನನ್ನ ಗಂಡ ಗೇಟು ಹಿಡಿದೇ ನಿಂತುಬಿಟ್ಟರು. ಕಾರಿನಿಂದ ಇಳಿದವನು ಅದೇ ಮಿಡ್‌ಫೀಲ್ಡರ್. ಈಶಾನ್ಯದ ಗುಡ್ಡಗಳ ಕಡೆಯವನು, ಟಿ.ವಿ.ಯಲ್ಲಿ ಕಾಣುವುದಕ್ಕಿಂತ ಕುಳ್ಳ. ಬ್ಯಾಗು ತಾನೇ ಎತ್ತಿಕೊಂಡು ನನಗೆ ನಮಸ್ಕಾರ ಹೇಳಿದ.

ನನ್ನ ಗಂಡ ಒಳಗೆ ಓಡಿ ಬಂದರು. ಅವರು ಓಡಿದ್ದನ್ನು ಕಂಡು ನನಗೆ ಬಹಳ ಕಾಲವಾಗಿತ್ತು. “ಭಾಯ್‌ಗೆ ಫೋನ್ ಮಾಡ್ತೀನಿ, ಕೋಳಿ ಹಿಡ್ಸು” ಎಂದರು. ಕತ್ತಲಾಗುವ ಮುಂಚೆ ಭಾಯ್ ಜೀಪು ಅಂಗಳದಲ್ಲಿತ್ತು. ಆಯ್ದ ಕಾಳುಮೆಣಸಿನ ಒಂದು ಚೀಲವನ್ನು ಅತಿಥಿಯ ಕೈಗಿಟ್ಟರು. ನಮ್ಮ ತೋಟದ್ದೇ ಮೆಣಸು, ನನಗೆ ಗುರುತು ಸಿಕ್ಕಿತು.

ಊಟಕ್ಕೆ ಕಡುಬು, ಕೋಳಿ ಸಾರು. ಹಿಂದಿ, ಇಂಗ್ಲಿಷು ಬೆರೆಸಿ ಮಾತು ನಡೆಯಿತು. ನನ್ನ ಗಂಡ ಮೊದಲ ಕಡುಬು ಮುಗಿಯುವ ಮುಂಚೆಯೇ ಶುರು ಮಾಡಿದರು. ನೀವು ಒಳ್ಳೆಯ ಆಟಗಾರರೇ, ಅದರಲ್ಲಿ ಎರಡು ಮಾತಿಲ್ಲ, ಆದರೆ ಈ ಕೋಚಿನ ಆಟಕ್ಕೆ ನೀವು ಹೊಂದುವುದಿಲ್ಲ ಎಂದು ವಿವರಿಸಿದರು. ಅವನು ಸಾರು ಬಡಿಸಿಕೊಳ್ಳುತ್ತಾ ಪೂರ್ತಿ ಕೇಳಿದ. “ನಿಜ ಸರ್,” ಎಂದ. ಭಾಯ್ ಬಿಡಲಿಲ್ಲ. ಹಾಗಲ್ಲ, ನಿಮ್ಮನ್ನು ನಡುವೆ ಇಟ್ಟುಕೊಂಡು ಆಟವನ್ನೇ ತಿದ್ದಬೇಕು ಎಂದರು. ಅದಕ್ಕೂ ಅವನು “ನಿಜ ಸರ್” ಎಂದ. ಕಾಂಟ್ರಾಕ್ಟಿಗೆ ಮೂರು ವರ್ಷ ಜಾಸ್ತಿಯಾಯಿತು ಎಂದರು ಇವರು. ನಿಜ. ಕಡಿಮೆಯಾಯಿತು ಎಂದರು ಭಾಯ್. ಅದೂ ನಿಜ. ಇಷ್ಟು ಹೊತ್ತಿಗೆ ಅವನು ಎಂಟು ಕಡುಬು ತಿಂದಿದ್ದ.

ಅವನು ಕೈ ತೊಳೆಯಲು ಹೊರಗೆ ಹೋದಾಗ ನನ್ನ ಗಂಡ ನನ್ನ ಕಿವಿಯಲ್ಲಿ ಮೆಲ್ಲಗೆ, “ಕೇಳ್ದಾ? ಅವ್ನೇ ಒಪ್ಕಂಡ” ಎಂದರು. ಭಾಯ್ ನನ್ನ ಬಳಿ ಬಂದು, “ಅಕ್ಕಾ, ಗೌಡ್ರಿಗೆ ಬೇಜಾರಾಗೈತೇನೋ, ಆ ಹುಡ್ಗ ನಾನ್ ಹೇಳಿದ್ದೇ ಸರಿ ಅಂದ್‌ಬುಟ್ಟ” ಎಂದರು.

ಅಡುಗೆಮನೆಯಲ್ಲಿ ಅವನ ಹೆಂಡತಿ ಕಡುಬಿನ ಹಿಟ್ಟು ಬೇಯಿಸುವ ಬಗೆ ಕೇಳುತ್ತಿದ್ದಳು. ನಾನು ಆ ಅದಲು ಬದಲಿನ ಸುದ್ದಿ ಎತ್ತಿದೆ. ಅವರಿಗೆ ಅದನ್ನು ಮೊದಲು ಹೇಳಿದ್ದು ಕೋಲ್ಕತ್ತದ ಮೀನಿನವನಂತೆ. ಅವನು ಮೊಬೈಲಿನಲ್ಲಿ ನೋಡಿ, ಹಾಗಾದರೆ ನೀವು ಹೊರಟಿರಾ ಅಂದನಂತೆ. ಕ್ಲಬ್ಬಿನಿಂದ ಫೋನ್ ಬಂದದ್ದು ಮೀನು ಹುರಿದ ಮೇಲೆ. “ಪ್ರತಿ ಊರಲ್ಲೂ ಕಿಟಕಿ ಬೇರೆ ಅಳತೆ,” ಎಂದಳು. “ನಾನು ಈಗ ಪರದೆ ಹೊಲಿಸುವುದನ್ನೇ ಬಿಟ್ಟಿದ್ದೇನೆ. ಹಳೇ ಸೀರೆ ಕಟ್ಟುತ್ತೇನೆ.” ನಗುತ್ತಲೇ ಹೇಳಿದಳು, ನನಗೆ ನಗು ಬರಲಿಲ್ಲ. ಹೊರಗೆ ಜಗಲಿಯಲ್ಲಿ ಇಬ್ಬರು ಗಂಡಸರು ಅವಳ ಗಂಡನನ್ನು ಎತ್ತಿನ ಹಲ್ಲು ನೋಡಿದ ಹಾಗೆ ನೋಡಿ ಬೆಲೆ ಕಟ್ಟುತ್ತಿದ್ದರು.

ಮರುದಿನ ಬೆಳಿಗ್ಗೆ ತೋಟ ಸುತ್ತಿ ಬಂದ ಆಟಗಾರ ಮೆಣಸಿನ ಬಳ್ಳಿಯ ಬಗ್ಗೆ ಕೇಳಿದ. ರಾತ್ರಿ ಇಲ್ಲೇ ಉಳಿದಿದ್ದ ಭಾಯ್ ಕೂಡ ಜೊತೆಗಿದ್ದರು.

“ಇದರ ಬೆಲೆ ಯಾರು ತೀರ್ಮಾನ ಮಾಡುತ್ತಾರೆ?” ಎಂದ.

ನನ್ನ ಗಂಡ ಭಾಯ್ ಕಡೆ ಕೈ ತೋರಿಸಿದರು. “ಇವರೇ.”

“ನೀವು ಜಾಸ್ತಿ ಕೇಳುವುದಿಲ್ಲವೇ?”

“ಅವರು ನಮ್ಮವರು,” ಎಂದರು ಇವರು.

“ಬೇರೆಯವರು ಎಷ್ಟು ಕೊಡುತ್ತಾರೆ ಅಂತ ವಿಚಾರಿಸಿದ್ದೀರಾ?”

ನನ್ನ ಗಂಡ ಕೆಮ್ಮಿದರು. ಭಾಯ್ ಸಿಲ್ವರ್ ಮರದ ತುದಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಆಟಗಾರ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಇಳಿಜಾರಿನಲ್ಲಿ ಸರಸರ ಇಳಿದು ಹೋದ. ಅವನ ಮಂಡಿ ಚೆನ್ನಾಗಿಯೇ ಇತ್ತು.

ಅವರು ಹೋದ ವಾರ ನನ್ನ ಗಂಡ ಯಾರಿಗೂ ಹೇಳದೆ ಮೆಣಸಿನ ಸ್ಯಾಂಪಲ್ ಕಟ್ಟಿಕೊಂಡು ಹಾಸನಕ್ಕೆ ಹೋದರು. ಅಲ್ಲಿಯ ವ್ಯಾಪಾರಿ ಕಾಳನ್ನು ಹಲ್ಲಲ್ಲಿ ಕಚ್ಚಿ, ತೇವ ಇದೆ ಎಂದು ಭಾಯ್‌ಗಿಂತಲೂ ಕಡಿಮೆ ಹೇಳಿದನಂತೆ. ಇವರು ಸ್ಯಾಂಪಲ್ ಮತ್ತೆ ಕಟ್ಟಿಕೊಂಡು ಬಸ್ಸು ಹತ್ತಿದರು. ಸಂಜೆಯೊಳಗೆ ಸುದ್ದಿ ಸಕಲೇಶಪುರ ತಲುಪಿತ್ತು. ಭಾಯ್ ನಾಲ್ಕೈದು ಭಾನುವಾರ ಬರಲಿಲ್ಲ. ಆಮೇಲೆ ಬಂದವರು ಹಾಸನದ ಮಾತೇ ಎತ್ತದೆ, “ಕ್ಲಬ್‌ನೋರು ಕೋಚ್‌ನ ಕಿತ್ತಾಕಿದ್ರು, ನೋಡಿದ್ರಾ?” ಎಂದರು. ಇವರು ಕುರ್ಚಿ ಎಳೆದು ಹಾಕಿದರು. ಮೆಣಸು ಹಳೇ ಬೆಲೆಗೇ ಜೀಪು ಹತ್ತಿತು.

ಹೊಸ ಕೋಚ್ ಅವನನ್ನು ಸ್ವಲ್ಪ ಆಡಿಸಿದ, ಸ್ವಲ್ಪ ಕೂರಿಸಿದ. ಗೆದ್ದ ದಿನ ಭಾಯ್ ಫೋನ್ ಮಾಡುವರು, ಸೋತ ದಿನ ನನ್ನ ಗಂಡ. ಮುಂದಿನ ಮಳೆಗಾಲಕ್ಕೆ ಕ್ಲಬ್ಬು ಅವನನ್ನು ಗೋವಾದ ತಂಡಕ್ಕೆ ದಾಟಿಸಿತು. ಮೂರು ವರ್ಷದ ಕಾಂಟ್ರಾಕ್ಟ್ ಒಂದೇ ವರ್ಷಕ್ಕೆ ಕೈ ಬದಲಾಯಿಸಿತು.

ನಾನು ಅವನ ಹೆಂಡತಿಗೆ ಫೋನ್ ಮಾಡಿದೆ. ಸಾಮಾನು ಕಟ್ಟುತ್ತಿದ್ದಳು. ಮಗಳಿಗೆ ಸಮುದ್ರ ಅಂದರೆ ಆಸೆ, ಶಾಲೆ ಮಾತ್ರ ಇನ್ನೂ ಸಿಕ್ಕಿಲ್ಲ ಎಂದಳು. ಜಗಲಿಯಿಂದ ಇಬ್ಬರೂ ಕೈಸನ್ನೆ ಮಾಡುತ್ತಿದ್ದರು, ಕಾಂಟ್ರಾಕ್ಟ್ ವಿಷಯ ಕೇಳು ಎಂದು. ನಾನು ಕೇಳಲಿಲ್ಲ.

ಫೋನ್ ಇಟ್ಟ ಮೇಲೆ ನನ್ನ ಗಂಡ, “ಏನಂದ್ಲು ಕಣೆ?” ಎಂದರು.

“ಅಲ್ಲಿ ಅವ್ನನ್ನ ಹಿಂದೆ ಆಡಿಸ್ತಾರಂತೆ ಕಣ್ರೀ. ಗೋಲಿನ ಮುಂದೆ, ಕಾಯೋಕೆ,” ಎಂದೆ. ಅವಳು ಹೇಳಿದ್ದಲ್ಲ, ನನ್ನ ಬಾಯಿಗೆ ಬಂದದ್ದು ಅದು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನಾನು ಮೊದ್ಲಿಂದ್ಲೂ ಅದನ್ನೇ ಹೇಳ್ತಿದ್ದೆ,” ಎಂದರು ನನ್ನ ಗಂಡ.

“ನೀವೆಲ್ಲಿ ಹೇಳಿದ್ರಿ ಗೌಡ್ರೆ, ಹೇಳಿದ್ದು ನಾನು,” ಎಂದರು ಭಾಯ್.

ನಾನು ಕಾಫಿಗೆ ನೀರಿಡಲು ಒಳಗೆ ಹೋದೆ.