ಸಲೀಸಾಗಿ ಕೂತ ಟೈರು

ಮಧುಗಿರಿಯ ಸೈಕಲ್ ಶಾಪ್ ರೇಣುಕಯ್ಯನಿಗೆ ಬಾಯಿ ಜೋರು. ರಿಮ್ಮಿಗೆ ಹೊಂದದ ಟೈರು ತಂದವರು ಯಾರೇ ಆಗಲಿ, ಅವರ ವಂಶವನ್ನೇ ಜಾಲಾಡಿಬಿಡುತ್ತಿದ್ದ. ಒಮ್ಮೆ ಸ್ವಂತ ಮಾವನನ್ನೇ ಅಂಗಡಿಯಿಂದ ಓಡಿಸಿದ್ದ. ಅಂಥವನ ಬಾಯಿ ಕಟ್ಟಿಹೋದದ್ದು ಮಗಳು ಜ್ಯೋತಿಲಕ್ಷ್ಮಿಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನ.

ಹುಡುಗ ಹುಡುಗಿ ಫೋನಿನಲ್ಲೇ ಮಾತಾಡಿ ಒಪ್ಪಿದ್ದರು. ಹುಡುಗನ ಅಪ್ಪ ಸಣ್ಣರಂಗಯ್ಯ ಹೂಂ ಅನ್ನುವುದೊಂದು ಬಾಕಿ. ಆ ಪುಣ್ಯಾತ್ಮ ಐ.ಡಿ.ಹಳ್ಳಿಯಿಂದ ಮನೆಮಂದಿಯನ್ನೆಲ್ಲ ಕಾರಿನಲ್ಲಿ ಕಳಿಸಿ, ತಾನು ಮಾತ್ರ ಓಬೀರಾಯನ ಕಾಲದ ಸೈಕಲ್ ತುಳಿದುಕೊಂಡು ಬಂದ. ಕೊರಳಲ್ಲಿ ಹಾರದ ಹಾಗೆ ಒಂದು ಹೊಸ ಟೈರು.

“ಹೆಂಗೂ ಹೆಣ್ಣಿನ ಮನೇದೇ ಸೈಕಲ್ ಶಾಪು. ಹಾಕ್ಬುಡಿ ಅತ್ಲಾಗೆ.”

ಟೈರಿನ ಮೇಲೂ ಇಪ್ಪತ್ತಾರು, ರಿಮ್ಮೂ ಇಪ್ಪತ್ತಾರೇ. ಆದರೆ ಪಕ್ಕದ ಸಣ್ಣ ಅಂಕಿ ಬೇರೆ. ಆ ಹಳೇ ರಿಮ್ಮಿಗೆ ಈ ಟೈರು ಒಂಚೂರು ದೊಡ್ಡದು. ಸರಿಯಾದ ಟೈರು ಕೂರಿಸುವಾಗ ಬೆವರಿಳಿಯಬೇಕು. ಇದು ಬರಿಗೈಗೇ ಸಲೀಸಾಗಿ ಕೂತುಬಿಟ್ಟಿತು. ರೇಣುಕಯ್ಯನಿಗೆ ಆಗಲೇ ಗೊತ್ತಾಗಿಹೋಯಿತು. ಗಾಳಿ ಬಿಗಿಯಾದರೆ ಟೈರು ರಿಮ್ಮಿನಾಚೆ ಜಾರಿ ಟ್ಯೂಬು ಸಿಡಿಯುತ್ತದೆ. ಇಳಿಜಾರಿನಲ್ಲಾದರೆ ಬೀಗರ ಹಲ್ಲೆಲ್ಲ ರಸ್ತೆಗೆ.

“ನೋಡಿದ್ರಾ, ಬಳೆ ಏರ್ಸಿದಂಗೆ ಕೂತ್ಕಂತು!” ಸಣ್ಣರಂಗಯ್ಯ ಹಿಗ್ಗಿದ. “ನಾನು ಆರ್ಸಿದ್ದು ಯಾವತ್ತೂ ತಪ್ಪಾಗಲ್ಲ. ತಪ್ಪು ಅಂದೋರ ಮನೇಲಿ ನೀರೂ ಕುಡಿಯಲ್ಲ.”

ರೇಣುಕಯ್ಯ ಬಾಯಿ ತೆಗೆದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೆಂಚಮ್ಮ ಕಣ್ಣು ಕೆಂಪಗೆ ಮಾಡಿದಳು.

“ಭಾರೀ ಟೈರು,” ಅಂದುಬಿಟ್ಟ. ಥೂ, ತನ್ನ ನಾಲಿಗೆಯ ಮೇಲೇ ಅಸಹ್ಯವಾಯಿತು ಅವನಿಗೆ.

ಅಷ್ಟರಲ್ಲಿ ಜ್ಯೋತಿಲಕ್ಷ್ಮಿ ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಂಪು ಹಿಡಿದಳು.

“ಮಾವ, ಸ್ವಲ್ಪ ದೂರ ನಿಂತ್ಕಳಿ.”

ಒತ್ತಿದಳು, ಒತ್ತಿದಳು, ಇನ್ನೂ ಒತ್ತಿದಳು. ಟೈರಿನ ಒಂದು ಪಕ್ಕ ಉಬ್ಬಿ ರಿಮ್ಮಿನಾಚೆ ಬಂತು. ಢಮ್! ಸಣ್ಣರಂಗಯ್ಯನ ಕೈಲಿದ್ದ ಚಿರೋಟಿ ಪುಡಿಪುಡಿಯಾಗಿ ಮೀಸೆಗೆ ಮೆತ್ತಿಕೊಂಡಿತು. ಬೀದಿನಾಯಿ ಹೋಗಿ ಕಾರಿನಡಿ ಸೇರಿತು.

“ರೇಣುಕಯ್ಯನೋರೇ, ನಿಮಗಿದು ಮೊದ್ಲೇ ಗೊತ್ತಿತ್ತಾ?”

“ಗೊತ್ತಿತ್ತು ಯಜಮಾನ್ರೇ. ಸಂಬಂಧ ತಪ್ಪೋಗ್ತದೆ ಅಂತ ಸುಮ್ಕಿದ್ದೆ.” ರೇಣುಕಯ್ಯನಿಗೆ ಅಳುವೇ ಬಂದಿತ್ತು.

ಸಣ್ಣರಂಗಯ್ಯ ಹರಿದ ಟ್ಯೂಬನ್ನು ನೋಡಿದ, ತನ್ನ ಹಲ್ಲನ್ನೊಮ್ಮೆ ಮುಟ್ಟಿ ನೋಡಿಕೊಂಡ.

“ಅಂಗಾದ್ರೆ ಈಗ್ಲೇ ತಾಂಬೂಲ ಬದಲಾಯಿಸ್ಬುಡಾನ ಕಣ್ರೀ. ಸಂಬಂಧ ಗಟ್ಟಿಯಾದ್ರೆ ನೀವು ಬಾಯಿಬುಟ್ಟು ನಿಜ ಹೇಳ್ತೀರ. ಇಲ್ದಿದ್ರೆ ನನ್ನ ಜೀವಕ್ಕೇ ಅಪಾಯ.”

ತಾಂಬೂಲ ಕೈ ಬದಲಾದದ್ದೇ ತಡ, ರೇಣುಕಯ್ಯ ಸೈಕಲ್ಲಿನ ಮೇಲೆ ಮುಗಿಬಿದ್ದ.

“ಅಲ್ರೀ ಬೀಗರೇ, ಬ್ರೇಕೇ ಇಲ್ವಲ್ರೀ ಇದ್ರಲ್ಲಿ! ತಲೇಲಿ ಏನಿಟ್ಕಂಡಿದ್ದೀರ?”