ಕಾಣದ ಕೊಳೆ ತೊಳೆಯುವ ಸುಲೋಚನಮ್ಮ

ಕೊಪ್ಪದ ಬಸ್‌ಸ್ಟ್ಯಾಂಡಿನ ಹೋಟೆಲಿನ ಬಾಗಿಲು ಇನ್ನೂ ಅರ್ಧ ಮಾತ್ರ ತೆರೆದಿದೆ. ಹಿರೇಕೊಡಿಗೆ ಕಡೆಯಿಂದ ಬಂದ ಮೊದಲ ಬಸ್ಸಿನಿಂದ ಇಳಿದ ಸುಲೋಚನಮ್ಮ ತಲೆಗೆ ಸುತ್ತಿದ ಶಾಲನ್ನು ಬಿಗಿ ಮಾಡಿಕೊಂಡು ಏರುದಾರಿ ಹತ್ತುತ್ತಾರೆ. ಸರ್ಕಾರಿ ನೀರು ಪರೀಕ್ಷಾ ಕೇಂದ್ರದ ಹಿಂಬಾಗಿಲ ಬೀಗ ತೆಗೆದು, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದುಕೊಳ್ಳುತ್ತಾರೆ. ಆಮೇಲೆ ಸಿಂಕಿನ ಪಕ್ಕ ರಾಶಿ ಬಿದ್ದಿರುವ ಗಾಜಿನ ಬಾಟಲಿಗಳತ್ತ ತಿರುಗುತ್ತಾರೆ.

ಹಿಂದಿನ ದಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯಿಂದ ನೀರು ತುಂಬಿಕೊಂಡು ಬಂದ ಬಾಟಲಿಗಳು ಅವು. ಪಂಚಾಯಿತಿ ಟ್ಯಾಂಕಿನ ನೀರು, ಶಾಲೆಯ ಬಾವಿ ನೀರು, ಲಾಡ್ಜು ಮತ್ತು ಕಲ್ಯಾಣ ಮಂಟಪಗಳಿಗೆ ಕ್ಯಾನ್ ತುಂಬಿಸಿ ಮಾರುವ ಕಂಪನಿಗಳ ನೀರು. ಒಳಗಿನ ಕೋಣೆಯಲ್ಲಿ ಪರೀಕ್ಷೆ ಮುಗಿದ ಮೇಲೆ ಖಾಲಿ ಬಾಟಲಿ ಇವರ ಪಾಲಿಗೆ. ಬ್ರಷ್ಷಿನಿಂದ ಉಜ್ಜಿ, ಸೋಪಿನ ಜಾರು ಪೂರ್ತಿ ಹೋಗುವವರೆಗೆ ನೀರು ಹಾಯಿಸಿ, ಕವುಚಿ ಒಣಗಿಸಿ, ಒಂದೊಂದರ ತಳಕ್ಕೂ ಒಂದು ತೊಟ್ಟು ದ್ರಾವಣ ಬಿಡುತ್ತಾರೆ. ನೀರಿಗೆ ಹಾಕಿದ ಕ್ಲೋರಿನ್ ದಾರಿಯುದ್ದಕ್ಕೂ ಕೆಲಸ ಮಾಡಿಕೊಂಡು ಬಂದರೆ ಕೆಟ್ಟ ನೀರೂ ಇಲ್ಲಿ ತಲುಪುವಷ್ಟರಲ್ಲಿ ಒಳ್ಳೆಯದಾಗಿ ಕಾಣುತ್ತದೆ. ಆ ಒಂದು ತೊಟ್ಟು ಕ್ಲೋರಿನ್ನನ್ನು ಅಲ್ಲೇ ತಡೆಯುತ್ತದೆ. ಮುಚ್ಚಳ ಹಾಕಿ, ಮೇಲೆ ಕಂದು ಕಾಗದ ಸುತ್ತಿ, ದಾರ ಕಟ್ಟಿ, ತಾರೀಕು ಬರೆದು ಹಬೆಯಲ್ಲಿ ಬೇಯಿಸುವ ಯಂತ್ರದೊಳಗೆ ಇಡುತ್ತಾರೆ. ಒಳಗಿನವರು ಅದಕ್ಕೆ ಆಟೋಕ್ಲೇವ್ ಅಂತಾರೆ. ಸುಲೋಚನಮ್ಮನಿಗೆ ಅದು ಕುಕ್ಕರ್.

"ಬೆಳಿಗ್ಗೆ ಆದ್ರೆ ಕರೆಂಟು ಅಷ್ಟಾಗಿ ಹೋಗೂದಿಲ್ಲ ಅಂತ ಬೇಗ ಬರೂದು," ಎನ್ನುತ್ತಾರೆ, ಯಂತ್ರದ ಒತ್ತಡ ತೋರಿಸುವ ಮುಳ್ಳಿನ ಮೇಲೆ ಕಣ್ಣಿಟ್ಟು. "ಹತ್ತು ಗಂಟೆ ಮೇಲೆ ಅದನ್ನ ನಂಬೂಕಾಗೂದಿಲ್ಲ. ಮಳೆಗಾಲದಲ್ಲಂತೂ ಕೇಳೂದೇ ಬೇಡ."

ಹೀಗೆ ದಿನಕ್ಕೆ ಎಂಬತ್ತು, ತೊಂಬತ್ತು ಬಾಟಲಿ. ಐವತ್ತೆರಡು ದಾಟಿದ ಸುಲೋಚನಮ್ಮ ಇದನ್ನು ಮಾಡತೊಡಗಿ ಹದಿನಾಲ್ಕು ವರ್ಷವಾಗಿದೆ. ನೀರಿನ ವರದಿಯ ಕೆಳಗೆ ಪರೀಕ್ಷಕರ ಸಹಿ ಇರುತ್ತದೆ, ಮಾದರಿ ತಂದ ಅಧಿಕಾರಿಯ ಹೆಸರಿರುತ್ತದೆ. ಬಾಟಲಿ ತೊಳೆದವರಿಗೆ ಅಲ್ಲಿ ಜಾಗವಿಲ್ಲ.

ಅದಕ್ಕೂ ಮೊದಲು ಅವರು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದರು. ಗಂಡ ರಂಗಪ್ಪ ಮರದಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ ವರ್ಷ ಅದು. ಇದ್ದ ಸಣ್ಣ ಗದ್ದೆಯನ್ನು ಮೈದುನ ನೋಡಿಕೊಂಡರೆ, ಮನೆ ನಡೆಸುವ ಭಾರ ಇವರ ಮೇಲೆ ಬಿತ್ತು. ದಿನಾ ಆ ಹೋಟೆಲಿಗೆ ಚಹಾಕ್ಕೆ ಬರುತ್ತಿದ್ದ ರೇಣುಕಪ್ಪ ಪರೀಕ್ಷಾ ಕೇಂದ್ರದ ಹಳೆಯ ಸಹಾಯಕರು. ಲೋಟವನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸದವರು. ಒಂದು ದಿನ ಲೋಟ ಕೆಳಗಿಟ್ಟು, "ನಮ್ಮಲ್ಲಿ ಒಬ್ರು ಬೇಕಾಗಿದಾರೆ. ಬರ್ತೀಯೇನಮ್ಮ?" ಎಂದು ಕೇಳಿದರು.

ಬಂದ ಮೊದಲ ತಿಂಗಳು ರೇಣುಕಪ್ಪ ಒಂದು ಮಾತೂ ಬೈಯಲಿಲ್ಲ. ತೊಳೆದಿಟ್ಟ ಬಾಟಲಿ ಸರಿ ಕಾಣದಿದ್ದರೆ ಸುಮ್ಮನೆ ತಂದು ಮತ್ತೆ ಸಿಂಕಿನಲ್ಲಿಟ್ಟು ಹೋಗುತ್ತಿದ್ದರು.

"ಬೈದಿದ್ರೆ ಸಿಟ್ಟು ಬಂದು ಬಿಟ್ಟು ಹೋಗ್ತಿದ್ನೋ ಏನೋ," ಎಂದು ಸುಲೋಚನಮ್ಮ ನಗುತ್ತಾರೆ. "ಹೋಟೆಲಲ್ಲಿ ಕಣ್ಣಿಗೆ ಕಾಣೂ ಕೊಳೆ ಹೋದ್ರೆ ಸಾಕಿತ್ತು. ಇಲ್ಲಿ ಕಾಣದ್ದು ಹೋಗ್ಬೇಕು. ಅದನ್ನ ತಿಳ್ಸಿಕೊಟ್ಟಿದ್ದು ಅವ್ರೇ. ಈಗ ಅವ್ರಿಗೆ ಕಣ್ಣು ಸರಿ ಕಾಣೂದಿಲ್ಲ. ಹಬ್ಬಕ್ಕೆ ಹೋಗಿ ಮಾತಾಡ್ಸಿ ಬರ್ತೀನಿ."

ತಮ್ಮ ಕೆಲಸದ ತೂಕ ಎಷ್ಟು ಎಂಬುದು ಸುಲೋಚನಮ್ಮನಿಗೆ ನಿಜವಾಗಿ ಗೊತ್ತಾದದ್ದು ಕಳೆದ ದೀಪಾವಳಿಯ ಮೇಲೆ.

ನರಸಿಂಹರಾಜಪುರದ ಕಡೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾಂತಿ ಭೇದಿ ಶುರುವಾಗಿ, ಕೆಲವು ಮಕ್ಕಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿಗೆ ಕ್ಯಾನ್ ನೀರು ಬರುತ್ತಿದ್ದದ್ದು ಧರ್ಮೇಶ್ ಎಂಬುವವರ ನೀರಿನ ಘಟಕದಿಂದ. ಅಧಿಕಾರಿಗಳು ಘಟಕದ ನಲ್ಲಿಯಿಂದಲೂ ಹಾಸ್ಟೆಲಿನ ಕ್ಯಾನಿನಿಂದಲೂ ನೀರು ಹಿಡಿದು ಕೊಪ್ಪಕ್ಕೆ ಕಳಿಸಿದರು. ಪರೀಕ್ಷಿಸಿದ ಸಂಪದಾ ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ ಹುಡುಗಿ. ಎರಡರಲ್ಲೂ ಮಲದಿಂದ ಬರುವ ರೋಗಾಣು ಸಿಕ್ಕಿತು. ಮಾರಾಟ ನಿಲ್ಲಿಸುವಂತೆ ಆದೇಶವಾಯಿತು.

ಧರ್ಮೇಶ್ ಸುಮ್ಮನೆ ಕೂರಲಿಲ್ಲ. ಸಾಲ ಮಾಡಿ ಕಟ್ಟಿದ ಘಟಕ, ಎದುರಿಗೆ ಮದುವೆಯ ಕಾಲ. ತನ್ನ ನೀರು ಚೆನ್ನಾಗಿಯೇ ಇದೆ, ಸರ್ಕಾರದ ಬಾಟಲಿಯೇ ಕೊಳಕಾಗಿತ್ತು, ಆದೇಶ ರದ್ದು ಮಾಡಿ ಎಂದು ದೂರು ಕೊಟ್ಟರು. ವಿಚಾರಣೆಗೆ ಹಿರಿಯ ಅಧಿಕಾರಿ ಬಂದರು. ಧರ್ಮೇಶ್ ಪರವಾಗಿ ಬಂದಿದ್ದ ಸಲಹೆಗಾರರು ಮೊದಲು ಕೇಳಿದ್ದೇ, "ಬಾಟಲಿ ತೊಳೆಯೋರು ಯಾರು? ಅವರು ಎಷ್ಟು ಓದಿದಾರೆ?" ಎಂದು.

ಸುಲೋಚನಮ್ಮನನ್ನು ಒಳಗೆ ಕರೆದರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲ ಪಕ್ಕ ನಿಂತರು. ಏಳನೇ ಕ್ಲಾಸು ಎಂದರು. ಸಲಹೆಗಾರರು ಅಧಿಕಾರಿಯ ಮುಖ ನೋಡಿದರು.

ಆಗ ಸುಲೋಚನಮ್ಮನ ಮನಸ್ಸನ್ನು ಒಂದು ವಿಷಯ ಕೊರೆಯುತ್ತಿತ್ತು. ಆ ಬಾಟಲಿಗಳನ್ನು ಬೇಯಿಸಲು ಇಟ್ಟ ದಿನ ನಡುವೆ ಕರೆಂಟು ಹೋಗಿತ್ತು. ಅರ್ಧ ಬೆಂದದ್ದನ್ನು ಹಾಗೇ ಬಿಡದೆ, ಮರುದಿನ ಬೆಳಿಗ್ಗೆ ಮತ್ತೆ ಮೊದಲಿನಿಂದ ಬೇಯಿಸಿದ್ದರು. ಹಾಗೆಂದು ಚೆನ್ನಾಗಿ ನೆನಪಿತ್ತು. ಆದರೆ ಅಷ್ಟು ಜನರ ಎದುರು ನಿಂತಾಗ ಆ ನೆನಪೇ ಅಲುಗಾಡತೊಡಗಿತು. ಒಂದೆರಡು ಬಾಟಲಿ ಹಾಗೇ ಉಳಿದು, ಕೈತಪ್ಪಿ ಕಪಾಟು ಸೇರಿದ್ದರೆ? ಕರೆಂಟಿನ ಸುದ್ದಿ ಅಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಹೇಳದಿದ್ದರೆ ಯಾರೂ ಕೇಳುತ್ತಲೂ ಇರಲಿಲ್ಲ.

ಅವರು ಹೇಳಿದರು. ಹೇಳಿ ಮುಗಿಸಿ, "ನನ್ನ ಮಾತು ನಂಬಿ ಅಂತ ನಾನು ಹೇಳೂದಿಲ್ಲ ಸಾರ್," ಎಂದರು. "ಅವತ್ತು ಬೇಯಿಸಿದ್ರಲ್ಲಿ ಕೆಲವು ಬಾಟಲಿ ಇನ್ನೂ ಕಪಾಟಲ್ಲಿ ಇದಾವೆ. ಕಾಗದ ಬಿಚ್ಚಿಲ್ಲ. ಅವ್ರೇ ಬಂದು ಬೇಕಾದ್ದನ್ನ ಆರಿಸ್ಕೊಳ್ಲಿ. ಅದನ್ನೇ ಪರೀಕ್ಷೆ ಮಾಡಿ."

ಅಧಿಕಾರಿ ಒಪ್ಪಿದರು. ಧರ್ಮೇಶ್ ತಾವೇ ಕಪಾಟಿನಿಂದ ಬಾಟಲಿ ಆರಿಸಿದರು. ಎಲ್ಲರ ಎದುರು ಅವಕ್ಕೆ ಶುದ್ಧ ಮಾಡಿದ ನೀರು ತುಂಬಿ, ಪರೀಕ್ಷೆಗೆ ಹಚ್ಚಿ, ಕೋಣೆಗೆ ಸೀಲು ಹಾಕಿದರು. ಬಾಟಲಿಯಲ್ಲಿ ರೋಗಾಣು ಉಳಿದಿದ್ದರೆ ಎರಡು ದಿನದಲ್ಲಿ ಬೆಳೆದು ಕಾಣುತ್ತದೆ.

ಆ ಎರಡು ದಿನ ಸುಲೋಚನಮ್ಮನಿಗೆ ಅನ್ನ ಸೇರಲಿಲ್ಲ. ಗುತ್ತಿಗೆಯ ಕೆಲಸ, ಬೇಡ ಎಂದರೆ ಅದೇ ದಿನ ಮನೆಗೆ. ಅದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು ಯೋಚನೆ. ತನ್ನಿಂದ ತಪ್ಪಾಗಿ, ಏನೂ ಮಾಡದ ಒಬ್ಬರ ಘಟಕ ಮುಚ್ಚಿಸಿದ ಹಾಗಾಗಿದ್ದರೆ ಎಂಬುದು. ಮೊದಲ ದಿನವೇ ಸಂಪದಾ ಸಿಂಕಿನ ಹತ್ತಿರ ಬಂದು ಪಕ್ಕದಲ್ಲಿ ನಿಂತು ತಾವೂ ಒಂದು ಬ್ರಷ್ ಹಿಡಿದರು.

"ಅಕ್ಕ, ವರದಿಗೆ ಸಹಿ ಹಾಕಿದ್ದು ನಾನು," ಎಂದರು. "ಬಾಟಲಿ ತಪ್ಪಾಗಿದ್ರೆ ಅದನ್ನ ನೋಡದೆ ತಗೊಂಡ ತಪ್ಪು ನಂದು. ನಿಮ್ಮೊಬ್ರ ಮೇಲೆ ಹಾಕೂಕೆ ನಾನು ಬಿಡೂದಿಲ್ಲ."

ಆ ಮಾತು ನೆನೆದರೆ ಸುಲೋಚನಮ್ಮನ ಕಣ್ಣು ಈಗಲೂ ತುಂಬುತ್ತದೆ. "ನನ್ನ ಮಗಳು ನಯನಳ ಪ್ರಾಯ ಅವ್ರದ್ದು. ಅಷ್ಟು ದೊಡ್ಡ ಮಾತು ಯಾರು ಹೇಳ್ತಾರೆ ಹೇಳಿ. ಆ ಉಪಕಾರ ನಾನು ಮರೆಯೂದಿಲ್ಲ."

ಮೂರನೆಯ ದಿನ ಸೀಲು ಒಡೆದರು. ಯಾವ ಬಾಟಲಿಯಲ್ಲೂ ಏನೂ ಬೆಳೆದಿರಲಿಲ್ಲ. ಸಲಹೆಗಾರರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. ಅಧಿಕಾರಿ ಸುಲೋಚನಮ್ಮನ ಕಡೆ ತಿರುಗಿ, "ಆಯ್ತಮ್ಮ, ನೀವಿನ್ನು ಕೆಲಸ ನೋಡ್ಕೊಳಿ," ಎಂದರು. ಅವರು ಹೋಗಿ ಮತ್ತೆ ಸಿಂಕಿನ ಮುಂದೆ ನಿಂತರು. ನಲ್ಲಿ ಬಿಟ್ಟು ಮುಂದಿನ ಬಾಟಲಿ ಉಜ್ಜತೊಡಗಿದರು.

ಅದೇ ಮಧ್ಯಾಹ್ನ ಅಧಿಕಾರಿಗಳು ಧರ್ಮೇಶ್ ಜೊತೆಗೇ ಘಟಕಕ್ಕೆ ಹೋದರು. ನೀರಿನ ರೋಗಾಣು ಕೊಲ್ಲಬೇಕಾದ ಯು.ವಿ. ದೀಪದ ಪೆಟ್ಟಿಗೆ ಬಿಚ್ಚಿದರೆ, ಒಳಗಿನ ಕೊಳವೆ ಸುಟ್ಟು ಕಪ್ಪಾಗಿತ್ತು. ದೀಪ ಕೆಲಸ ಮಾಡುತ್ತಿದೆ ಎಂದು ಹೊರಗಡೆ ತೋರಿಸುವ ನೀಲಿ ಬಲ್ಬು ಮಾತ್ರ ಚೆನ್ನಾಗಿ ಉರಿಯುತ್ತಿತ್ತು. ಬೋರಿನ ಪಕ್ಕದಲ್ಲೇ ಬಿರುಕು ಬಿಟ್ಟ ಕಕ್ಕಸು ಗುಂಡಿಯೊಂದು ಸಿಕ್ಕಿತು. ಧರ್ಮೇಶ್ ಅಲ್ಲೇ ಖಾಲಿ ಕ್ಯಾನೊಂದರ ಮೇಲೆ ಕೂತುಬಿಟ್ಟರು.

"ನೀಲಿ ದೀಪ ನೋಡ್ಕೊಂಡು ನಾನು ನಿಶ್ಚಿಂತೆಯಿಂದ ಇದ್ದೆ," ಎನ್ನುತ್ತಾರೆ ಅವರು ಈಗ. "ಸರ್ವಿಸಿನವ್ರು ಬಂದು ಹೊರಗಿಂದ ಒರೆಸಿ ಹೋಗ್ತಿದ್ರು. ಒಳಗೆ ನೋಡ್ಬೇಕು ಅಂತ ನಂಗೂ ಹೊಳಿಲಿಲ್ಲ. ನಮ್ಮನೆ ಮಕ್ಕಳೂ ಅದೇ ನೀರು ಕುಡಿತಿದ್ರು ಮಾರಾಯ್ರೆ."

ಘಟಕ ಮುಚ್ಚಿತು. ಗುಂಡಿ ಬೇರೆ ಕಡೆ ಹೋಯಿತು, ಬೇರೆ ಬೋರು ಬಂತು, ದೀಪ ಬದಲಾಯಿತು. ಬಾರಿ ಬಾರಿಗೂ ನೀರು ಪರೀಕ್ಷೆಯಾಗಿ, ಸತತವಾಗಿ ಸರಿ ಬಂದ ಮೇಲೆಯೇ ಮತ್ತೆ ತೆರೆಯಲು ಅನುಮತಿ ಸಿಕ್ಕಿತು. ಆಸ್ಪತ್ರೆ ಸೇರಿದ್ದ ಮಕ್ಕಳೆಲ್ಲ ಅಷ್ಟರೊಳಗೆ ಗುಣವಾಗಿ ಶಾಲೆಗೆ ಹೋಗುತ್ತಿದ್ದರು.

ಆಮೇಲೊಂದು ದಿನ ಧರ್ಮೇಶ್ ಪರೀಕ್ಷಾ ಕೇಂದ್ರದ ಹಿಂಬಾಗಿಲಲ್ಲಿ ಬಂದು ನಿಂತರು. ಜಗಳಕ್ಕೇ ಬಂದಿದ್ದಾರೆ ಎಂದುಕೊಂಡ ಸುಲೋಚನಮ್ಮ ಕೈಯಲ್ಲಿದ್ದ ಬಾಟಲಿಯನ್ನು ಹುಷಾರಾಗಿ ಕೆಳಗಿಟ್ಟರು.

"ಅಕ್ಕ, ಅವತ್ತು ನಿಮ್ಮ ಓದಿನ ಬಗ್ಗೆ ನಮ್ಮವ್ರು ಮಾತಾಡಿದ್ದು ಸರಿ ಆಗ್ಲಿಲ್ಲ," ಎಂದರು ಧರ್ಮೇಶ್. ಆಮೇಲೆ, "ನಮ್ಮಲ್ಲಿ ಕ್ಯಾನ್ ತೊಳೆಯೋರಿಗೆ ಒಂದ್ಸಲ ಬಂದು ತೋರಿಸಿ ಕೊಡ್ತೀರಾ?" ಎಂದು ಕೇಳಿದರು.

ಸಂಪದಾ ಮೇಲಿನವರ ಅನುಮತಿ ಕೇಳಿದರು. ಅವರಿಂದ ಹಣವಾಗಲಿ ಉಡುಗೊರೆಯಾಗಲಿ ಏನನ್ನೂ ತೆಗೆದುಕೊಳ್ಳಬಾರದು ಎಂಬ ಷರತ್ತಿನ ಮೇಲೆ ಅನುಮತಿ ಬಂತು. ಒಂದು ಭಾನುವಾರ ಸುಲೋಚನಮ್ಮ ಬಸ್ಸು ಹತ್ತಿ ಹೋಗಿ, ಕ್ಯಾನಿನ ಕುತ್ತಿಗೆಯ ಒಳಸುತ್ತನ್ನು ಹೇಗೆ ಉಜ್ಜಬೇಕು, ತೊಳೆದದ್ದನ್ನು ನೆಲಕ್ಕೆ ಮುಟ್ಟಿಸದೆ ಹೇಗೆ ಕವುಚಬೇಕು ಎಂದು ತಾವೇ ಮಾಡಿ ತೋರಿಸಿದರು. ಅಲ್ಲಿ ಕ್ಯಾನ್ ತೊಳೆಯುವ ಸೀತಕ್ಕ ಅದನ್ನು ಹೀಗೆ ನೆನೆಯುತ್ತಾರೆ: "ಬೇಗ ಬೇಗ ತೊಳಿರಿ ಅಂತ ಹೇಳೋರೇ ಎಲ್ಲ. ಎಂತಕ್ಕೆ ತೊಳಿಬೇಕು ಅಂತ ಹೇಳಿದ್ದು ಅವ್ರೊಬ್ರೇ."

ಈಗ ಏನಾಗಬೇಕು ಎಂದು ಕೇಳಿದರೆ ಸುಲೋಚನಮ್ಮ ಯಂತ್ರದ ಕಡೆ ಕೈ ತೋರಿಸುತ್ತಾರೆ. ಕುಕ್ಕರಿಗೆ ಒಂದು ಜನರೇಟರ್ ಬಂದರೆ ಒಳ್ಳೆಯದಿತ್ತು ಎನ್ನುತ್ತಾರೆ. ಮಳೆಗಾಲದಲ್ಲಿ ಒಂದೇ ಬಾಟಲಿಯನ್ನು ಎರಡೆರಡು ಸಲ ಬೇಯಿಸುವುದು ತಪ್ಪುತ್ತದೆ. ತಮಗೆ ಅಂತ ಏನು ಎಂದರೆ, "ನಂಗೆ ಎಂತ ಬೇಕು? ರೇಣುಕಪ್ಪನವ್ರು ಕರೆದ್ರು, ಸಂಪದಾ ಮೇಡಂ ಕೈ ಬಿಡ್ಲಿಲ್ಲ. ಅಷ್ಟು ಸಾಕಲ್ಲ," ಎಂದು ಕಾಗದಕ್ಕೆ ದಾರ ಸುತ್ತುತ್ತಾರೆ.

ಮೊನ್ನೆ ನರಸಿಂಹರಾಜಪುರದಲ್ಲಿ ನೆಂಟರ ಮದುವೆಗೆ ಹೋಗಿದ್ದರಂತೆ. ಊಟದ ಪಂಕ್ತಿಯಲ್ಲಿ ಬಡಿಸುವವರು ಲೋಟಕ್ಕೆ ನೀರು ಹಾಕಿದರು. ಮೂಲೆಯಲ್ಲಿದ್ದ ಕ್ಯಾನಿನ ಮೇಲೆ ಧರ್ಮೇಶ್ ಅವರ ಘಟಕದ ಚೀಟಿ. ಪಕ್ಕದಲ್ಲಿ ಕೂತಿದ್ದ ರಂಗಪ್ಪ, "ಎಂತ ನೋಡ್ತಾ ಕೂತಿ, ಕುಡಿ," ಎಂದರಂತೆ.

"ಕುಡಿದೆ," ಎನ್ನುತ್ತಾರೆ ಸುಲೋಚನಮ್ಮ. "ಪಂಕ್ತಿಯಲ್ಲಿ ಇದ್ದೋರೆಲ್ಲ ಮಾತಾಡ್ತಾ ಕುಡಿತಾ ಇದ್ರು. ಯಾರೂ ನೀರಿನ ಸುದ್ದಿ ಎತ್ಲಿಲ್ಲ. ನೀರು ನೀರಿನ ಹಾಗೇ ಇತ್ತು."

ಕುಕ್ಕರಿನ ಮುಳ್ಳು ಗುರುತು ಮುಟ್ಟಿದೆ. ಅವರು ಎದ್ದು ಒಲೆಯ ಉರಿ ತಗ್ಗಿಸುವ ಹಾಗೆ ಸ್ವಿಚ್ಚು ತಿರುಗಿಸುತ್ತಾರೆ.